ಕಲಿಸುವ ಮೊದಲು ನೋಡಲು ಕಲಿಯಿರಿ

ನಿಮ್ಮ ಮನೆಯಲ್ಲಿ ಡಿ.ಎಲ್.ಇಡಿ. ಅಥವಾ ಬಿ.ಇಡಿ. ಓದುತ್ತಿರುವ ಮಗಳು, ಮಗ, ಸೊಸೆ ಯಾರಾದರೂ ಇದ್ದರೆ ಈ ಲೇಖನ ಮೊದಲು ಅವರಿಗಾಗಿ. ಪ್ರಾಥಮಿಕ ಶಾಲೆಗೆ ಹೋಗುವ ಮಗುವಿದ್ದರೆ ನಿಮಗಾಗಿಯೂ ಹೌದು.

ಎರಡು ವರ್ಷದ ಬಿ.ಇಡಿ.ಯಲ್ಲಿ 20 ವಾರಗಳು ಶಾಲಾ ಅನುಭವಕ್ಕೆಂದೇ ಮೀಸಲು. ಆದರೆ ಆ ದಿನಗಳಲ್ಲಿ ವಿದ್ಯಾರ್ಥಿ ಶಿಕ್ಷಕರ ಗಮನವೆಲ್ಲ ಪಾಠಯೋಜನೆ, ಪಾಠೋಪಕರಣ ಮತ್ತು ಅಂಕಗಳ ಮೇಲೆ ಇರುತ್ತದೆ. ಅದಕ್ಕೂ ಮೊದಲೇ, ಯಾವ ಅಂಕದ ಹಂಗೂ ಇಲ್ಲದೆ, ಊರಿನ ಶಾಲೆಗೆ ವಾರಕ್ಕೊಂದು ದಿನ ಹೋಗಿ ಕುಳಿತು ನೋಡಿ. ಗೋಕಾಕವಾಗಲಿ, ಮೂಡಲಗಿಯಾಗಲಿ, ಹುಕ್ಕೇರಿಯಾಗಲಿ, ಶನಿವಾರ ಬೆಳಗಿನ ಶಾಲೆ ಇದಕ್ಕೆ ಅನುಕೂಲ. ಮುಖ್ಯಶಿಕ್ಷಕರನ್ನು ಕಂಡು, ಏಕೆ ಬರುತ್ತೀರಿ ಎಂಬುದನ್ನು ತಿಳಿಸಿ, ಅವರ ಒಪ್ಪಿಗೆ ಪಡೆದೇ ಹೋಗಿ. ಒಂದರಿಂದ ಮೂರನೇ ತರಗತಿಯ ನಲಿಕಲಿ ಕೋಣೆಯಲ್ಲಿ ಮಕ್ಕಳು ಗುಂಪುಗುಂಪಾಗಿ ನೆಲದ ಮೇಲೆ ಕುಳಿತಿರುತ್ತಾರೆ. ನೀವೂ ಕುರ್ಚಿ ಬಿಟ್ಟು ಅವರ ಪಕ್ಕದಲ್ಲೇ ಕುಳಿತುಕೊಳ್ಳಿ. ನಿಂತವರಿಗೆ ಮಕ್ಕಳ ತಲೆ ಮಾತ್ರ ಕಾಣುತ್ತದೆ. ಪಕ್ಕದಲ್ಲಿ ಕುಳಿತವರಿಗೆ ಅವರ ಕಣ್ಣು, ಕಿವಿ, ಉಗುರು, ಒಡೆದ ತುಟಿ ಎಲ್ಲವೂ ಕಾಣುತ್ತವೆ. ಅಲ್ಲಿ ಕಲಿಯಬಹುದಾದ ಐದು ಪಾಠಗಳು ಇಲ್ಲಿವೆ.

ಮೊದಲನೆಯ ಪಾಠ: ದಡ್ಡ ಅನ್ನುವ ಮೊದಲು ಕಣ್ಣು, ಕಿವಿ ನೋಡಿ

ಇದನ್ನು ನನ್ನ ತಪ್ಪಿನಿಂದಲೇ ಹೇಳಬೇಕು. ತರಬೇತಿಯಲ್ಲಿದ್ದಾಗ ನಾನು ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ಶನಿವಾರಗಳಂದು ಹೋಗುತ್ತಿದ್ದೆ. ಮೂರನೇ ತರಗತಿಯಲ್ಲಿ ಒಬ್ಬ ಹುಡುಗಿ ಕಿಟಕಿಯ ಪಕ್ಕ, ಎಲ್ಲರಿಗಿಂತ ಹಿಂದೆ ಕೂರುತ್ತಿದ್ದಳು. ಕರೆದರೆ ತಿರುಗುತ್ತಿರಲಿಲ್ಲ. ಪ್ರಶ್ನೆ ಕೇಳಿದರೆ ನಕ್ಕು ತಲೆ ತಗ್ಗಿಸುತ್ತಿದ್ದಳು. ಮೂರನೆಯ ವಾರ ನಾನು ಎಲ್ಲ ಮಕ್ಕಳ ಎದುರಿಗೇ ಅವಳನ್ನು ಹಟಮಾರಿ ಎಂದುಬಿಟ್ಟೆ. ಮಕ್ಕಳು ನಕ್ಕರು. ಅವಳೂ ನಕ್ಕಳು.

ಮುಂದಿನ ವಾರ ಬರೆಯಿಸಲೆಂದು ಅವಳ ಎಡಕ್ಕೆ ಕುಳಿತೆ. ಕಿವಿಯಲ್ಲಿ ಹತ್ತಿ ಇತ್ತು, ಓಢಣಿಯ ಅಂಚು ಒದ್ದೆಯಾಗಿ ವಾಸನೆ ಬರುತ್ತಿತ್ತು. ಎಡಗಿವಿಯ ಹತ್ತಿರ ಹೆಸರು ಹಿಡಿದು ಕರೆದೆ, ಅವಳಿಗೆ ಕೇಳಿಸಲಿಲ್ಲ. ಮನೆಗೆ ಹೋಗಿ ವಿಚಾರಿಸಿದಾಗ, ಎರಡು ಮಳೆಗಾಲದಿಂದ ಕಿವಿ ಸೋರುತ್ತಿದೆ, ಬೆಚ್ಚನೆಯ ಎಣ್ಣೆ ಹಾಕುತ್ತಿದ್ದೇವೆ ಎಂದು ಅವಳ ಅಮ್ಮಿ ಹೇಳಿದರು. ವೈದ್ಯರಿಗೆ ತೋರಿಸಿ ಚಿಕಿತ್ಸೆ ಆಯಿತು. ಶಿಕ್ಷಕರು ಅವಳನ್ನು ಮುಂದಿನ ಸಾಲಿಗೆ ತಂದು, ಕೇಳಿಸುವ ಕಿವಿ ತಮ್ಮ ಕಡೆಗೆ ಇರುವಂತೆ ಕೂರಿಸಿದರು. ಅವಳೇನೂ ತರಗತಿಗೆ ಮೊದಲಿಗಳಾಗಲಿಲ್ಲ. ಆದರೆ ಕರೆದರೆ ತಿರುಗಿ ನೋಡತೊಡಗಿದಳು. ನಾನು ಎಲ್ಲರ ಎದುರಿಗೆ ಆಡಿದ ಮಾತಿಗೆ ಎಲ್ಲರ ಎದುರಿಗೇ ಕ್ಷಮೆ ಕೇಳಿದೆ.

ಆದ್ದರಿಂದ ಈ ಗುರುತುಗಳನ್ನು ನೆನಪಿಡಿ. ಒಂದೇ ಮಾತನ್ನು ಮತ್ತೆ ಮತ್ತೆ ಕೇಳುವ, ಮಾತನಾಡುವವರ ತುಟಿಯನ್ನೇ ನೋಡುವ, ಒಂದೇ ಕಿವಿ ಮುಂದೆ ಮಾಡುವ ಮಗುವಿನ ಕಿವಿ ಪರೀಕ್ಷಿಸಬೇಕು. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುವ, ಕರಿಹಲಗೆ ನೋಡಲು ಕಣ್ಣು ಕಿರಿದು ಮಾಡುವ, ಹಲಗೆ ಬಿಟ್ಟು ಪಕ್ಕದವರ ಪಾಟಿ ನೋಡಿ ಬರೆಯುವ ಮಗುವಿನ ಕಣ್ಣು ಪರೀಕ್ಷಿಸಬೇಕು. ಸೋರುವ ಕಿವಿಗೆ ಎಣ್ಣೆ ಬೇಡ, ಕಡ್ಡಿ ಬೇಡ, ಹೇರ್‌ಪಿನ್ ಬೇಡ. ಸ್ನಾನದ ವೇಳೆ ಕಿವಿಗೆ ನೀರು ಹೋಗದಂತೆ ನೋಡಿಕೊಂಡು ವೈದ್ಯರಿಗೆ ತೋರಿಸಿ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಸರ್ಕಾರಿ ಶಾಲೆಗೇ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತದೆ, ಬೇಕಾದವರನ್ನು ದೊಡ್ಡ ಆಸ್ಪತ್ರೆಗೆ ಕಳಿಸುತ್ತದೆ. ಆ ದಿನ ಮಗುವನ್ನು ತಪ್ಪದೆ ಶಾಲೆಗೆ ಕಳಿಸಿ. ತಂಡ ಕೊಟ್ಟ ಚೀಟಿಯನ್ನು ಡಬ್ಬಿಯಲ್ಲಿಟ್ಟು ಮರೆಯಬೇಡಿ.

ಎರಡನೆಯ ಪಾಠ: ಹಸಿದ ಹೊಟ್ಟೆಗೆ ಅಕ್ಷರ ಹತ್ತುವುದಿಲ್ಲ

ಶನಿವಾರ ಶಾಲೆ ಬೇಗ ಶುರು. ಎಷ್ಟೋ ಮಕ್ಕಳು ಒಂದು ಲೋಟ ಚಹಾ, ಎರಡು ಖಾರಿ ತಿಂದು ಬಂದಿರುತ್ತಾರೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ತಂದೆ ತಾಯಿ ನಸುಕಿನಲ್ಲೇ ಹೊಲಕ್ಕೆ ಹೋದ ಮನೆಗಳಲ್ಲಿ ಅಷ್ಟೂ ಆಗಿರುವುದಿಲ್ಲ. ಅಂಥ ಮಗು ಹತ್ತು ಗಂಟೆಗೆ ಆಕಳಿಸುತ್ತದೆ, ಹೊಟ್ಟೆನೋವು ಎನ್ನುತ್ತದೆ, ಪಕ್ಕದವನೊಡನೆ ಜಗಳ ತೆಗೆಯುತ್ತದೆ. ಮೊದಲು ಕೇಳಬೇಕಾದ ಪ್ರಶ್ನೆ 'ಯಾಕೆ ಬರೆದಿಲ್ಲ?' ಅಲ್ಲ, 'ಬೆಳಿಗ್ಗೆ ಏನು ತಿಂದೆ?' ಎಂಬುದು. ಅದನ್ನೂ ಪಕ್ಕಕ್ಕೆ ಕರೆದು, ಮೆಲ್ಲಗೆ ಕೇಳಿ.

ಇದರ ಜೊತೆಗೆ ರಕ್ತಹೀನತೆ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಇತ್ತು. ಆ ಮಕ್ಕಳೇ ಮುಂದೆ ಒಂದನೇ ತರಗತಿಗೆ ಬರುವವರು. ಕಣ್ಣಿನ ಕೆಳರೆಪ್ಪೆಯ ಒಳಗೆ, ನಾಲಗೆಯ ಮೇಲೆ, ಅಂಗೈಯಲ್ಲಿ ಕೆಂಪು ಕಡಿಮೆಯಾಗಿ ಬಿಳಚಿಕೊಂಡಿದ್ದರೆ, ಸ್ವಲ್ಪ ಓಡಿದರೂ ಏದುಸಿರು ಬಂದರೆ ಅನುಮಾನಿಸಿ, ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ.

ಸರ್ಕಾರ 5ರಿಂದ 9 ವರ್ಷದ ಮಕ್ಕಳಿಗೆ ವಾರಕ್ಕೊಮ್ಮೆ ಗುಲಾಬಿ ಬಣ್ಣದ, 10ರಿಂದ 19 ವರ್ಷದವರಿಗೆ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುತ್ತದೆ. ಫೆಬ್ರವರಿ 10 ಮತ್ತು ಆಗಸ್ಟ್ 10 ಜಂತುಹುಳು ನಿವಾರಣಾ ದಿನಗಳು. ಹೊಟ್ಟೆಯಲ್ಲಿ ಜಂತುಹುಳು ಇದ್ದರೆ ಉಂಡ ಅನ್ನದ ಸಾರ ಮಗುವಿಗೆ ಪೂರ್ತಿ ಸಿಗುವುದಿಲ್ಲ. 'ಮಾತ್ರೆ ಕೊಟ್ಟರೆ ತಗೋಬೇಡ' ಎಂದು ಹೇಳಿ ಕಳಿಸುವ ತಾಯಂದಿರಿದ್ದಾರೆ. ಹೆದರುವ ಕಾರಣವಿಲ್ಲ. ಕಬ್ಬಿಣದ ಮಾತ್ರೆಯನ್ನು ಊಟದ ನಂತರ ಕೊಟ್ಟರೆ ಹೊಟ್ಟೆ ತೊಳಸುವುದು ಕಡಿಮೆ. ಮಲ ಕಪ್ಪಾದರೆ ಗಾಬರಿ ಬೇಡ, ಅದು ಕಬ್ಬಿಣದಿಂದ ಆಗುವುದು. ಊಟದ ಜೊತೆಗೇ ಚಹಾ ಕುಡಿದರೆ ಮಾತ್ರ ಆಹಾರದ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಮಕ್ಕಳಿಗೆ ಚಹಾ ಬಿಡಿಸಿ, ಮೆಂತ್ಯೆ ಪಲ್ಯ, ಬೇಳೆ, ಮೊಟ್ಟೆ, ಮಾಂಸದ ಜೊತೆ ಒಂದು ಹೋಳು ಲಿಂಬೆ ಹಿಂಡಿ ಕೊಡಿ.

ಮೂರನೆಯ ಪಾಠ: ಹೇಳಿದ್ದನ್ನಲ್ಲ, ಕಂಡದ್ದನ್ನು ಮಕ್ಕಳು ಕಲಿಯುತ್ತಾರೆ

ಕೈ ತೊಳೆಯುವ ಬಗ್ಗೆ ನೀವು ಅರ್ಧ ಗಂಟೆ ಪಾಠ ಮಾಡಬಹುದು. ಬಿಸಿಯೂಟದ ಗಂಟೆ ಬಾರಿಸಿದ ಕೂಡಲೇ ಮಕ್ಕಳು ನಲ್ಲಿಯ ಕೆಳಗೆ ಬೆರಳ ತುದಿ ಅದ್ದಿ ತಟ್ಟೆ ಹಿಡಿಯುತ್ತಾರೆ. ಏನೂ ಹೇಳದೆ ನೀವೇ ಸಾಲಿನಲ್ಲಿ ನಿಂತು, ಸೋಪು ಹಚ್ಚಿ, ಅಂಗೈ, ಮುಂಗೈ, ಬೆರಳ ಸಂದು, ಉಗುರು, ಹೆಬ್ಬೆರಳು, ಮಣಿಕಟ್ಟು ಹೀಗೆ ಕ್ರಮವಾಗಿ 20 ಸೆಕೆಂಡು ಉಜ್ಜಿ ತೊಳೆಯಿರಿ. ಎರಡನೆಯ ವಾರ ಇಬ್ಬರು, ನಾಲ್ಕನೆಯ ವಾರ ಹತ್ತು ಮಂದಿ ನಿಮ್ಮಂತೆಯೇ ತೊಳೆಯುತ್ತಾರೆ. ಒಂದರಿಂದ ಇಪ್ಪತ್ತರವರೆಗೆ ನಿಧಾನವಾಗಿ ಎಣಿಸುತ್ತ ತೊಳೆದರೆ ಗಣಿತವೂ ಆಯಿತು.

ನಮ್ಮ ಮನೆಗಳಲ್ಲಿ ಒಂದು ಅನುಕೂಲವಿದೆ, ಒಂದು ತಪ್ಪು ತಿಳಿವಳಿಕೆಯೂ ಇದೆ. ವುಝೂ ನೋಡಿ ಬೆಳೆದ ಮಗುವಿಗೆ ಅಂಗಾಂಗಗಳನ್ನು ಕ್ರಮವಾಗಿ ತೊಳೆಯುವ ಅಭ್ಯಾಸ ಹೊಸದಲ್ಲ. ಅದು ಅನುಕೂಲ. ಆದರೆ 'ವುಝೂ ಮಾಡಿದ್ದೇನಲ್ಲ, ಸೋಪು ಏಕೆ?' ಎಂಬ ಮಾತು ಸರಿಯಲ್ಲ. ಶೌಚದ ನಂತರ, ಮಣ್ಣಿನಲ್ಲಿ ಆಡಿದ ನಂತರ ಉಗುರಿನ ಸಂದಿಯಲ್ಲಿ ಉಳಿಯುವ ಕೊಳೆ, ರೋಗಾಣು, ಜಂತುಹುಳುವಿನ ಮೊಟ್ಟೆ ಬರೀ ನೀರಿಗೆ ಸುಲಭವಾಗಿ ಹೋಗುವುದಿಲ್ಲ. ನಮಾಝಿಗೆ ವುಝೂ, ಊಟಕ್ಕೆ ಮತ್ತು ಶೌಚಕ್ಕೆ ಸೋಪು, ಎರಡನ್ನೂ ಮಗುವಿಗೆ ಕಲಿಸಿ. ವಾರಕ್ಕೊಮ್ಮೆ ಉಗುರು ಕತ್ತರಿಸಿ.

ಕುಡಿಯುವ ನೀರಿನ ವಿಷಯದಲ್ಲೂ ಹಾಗೆಯೇ. 2019ರ ಆಗಸ್ಟಿನಲ್ಲಿ ಘಟಪ್ರಭಾ ನದಿ ಉಕ್ಕಿ ಗೋಕಾಕಕ್ಕೆ ನೀರು ನುಗ್ಗಿದ್ದನ್ನು ಈ ಭಾಗದವರು ಮರೆತಿಲ್ಲ. ನೆರೆ ಇಳಿದ ಮೇಲೆ ಬಾವಿ, ತೊಟ್ಟಿಗಳ ನೀರು ತಿಳಿಯಾಗಿ ಕಂಡರೂ ಶುದ್ಧವೆಂದು ನಂಬಬಾರದು. ಗುಳ್ಳೆ ಎದ್ದು ಚೆನ್ನಾಗಿ ಕುದಿದ ನೀರನ್ನು ಆರಿಸಿ, ಮುಚ್ಚಿಟ್ಟು, ಹಿಡಿಕೆ ಇರುವ ಸೌಟಿನಿಂದ ತೆಗೆಯಿರಿ. ಮಗು ಇದನ್ನೂ ನೋಡಿಯೇ ಕಲಿಯುತ್ತದೆ.

ನಾಲ್ಕನೆಯ ಪಾಠ: ಒಂದಕ್ಕೆ ಹೋಗಲು ಕೇಳುವ ಧೈರ್ಯ

ಸಂಜೆ ಮಗುವಿನ ಬಾಟಲಿ ನೋಡಿ. ನೀರು ತುಂಬಿದ್ದು ತುಂಬಿದಂತೆಯೇ ಮನೆಗೆ ಬಂದಿದೆಯೇ? ಶಾಲೆಯ ಶೌಚಾಲಯಕ್ಕೆ ಹೋಗಲು ಅಂಜಿ ನೀರೇ ಕುಡಿಯದ ಮಕ್ಕಳಿದ್ದಾರೆ, ಅದರಲ್ಲೂ ಹೆಣ್ಣುಮಕ್ಕಳು. ಮೂತ್ರ ಕಟ್ಟಿಕೊಂಡರೆ ಸೋಂಕು, ನೀರು ಕುಡಿಯದಿದ್ದರೆ ಮಲಬದ್ಧತೆ, ತಲೆನೋವು.

ಇದಕ್ಕೆ ಭಾಷೆಯೂ ಒಂದು ಕಾರಣ. ಮನೆಯಲ್ಲಿ ದಖನಿ ಉರ್ದು ಆಡುವ ಮಗು ಕನ್ನಡ ಶಾಲೆಗೆ ಸೇರಿದಾಗ, ಹುಕ್ಕೇರಿಯ ಕಡೆ ಮರಾಠಿ ಮಾತಾಡುವ ಮನೆಯ ಮಗು ಬಂದಾಗ, ಹೇಗೆ ಕೇಳಬೇಕೆಂದು ತಿಳಿಯದೆ ಬಟ್ಟೆಯಲ್ಲೇ ಮಾಡಿಕೊಳ್ಳುತ್ತದೆ. ಒಮ್ಮೆ ಹಾಗಾಗಿ ಉಳಿದವರು ನಕ್ಕರೆ ಆ ಮಗು ವಾರಗಟ್ಟಲೆ ಶಾಲೆಯ ಕಡೆ ತಲೆ ಹಾಕದು. ಆದ್ದರಿಂದ ವರ್ಣಮಾಲೆಗಿಂತ ಮೊದಲು 'ಅಕ್ಕೋರೆ, ಒಂದಕ್ಕೆ ಹೋಗಿ ಬರ್ತೀನ್ರಿ' ಎಂಬ ಒಂದು ವಾಕ್ಯ ಕಲಿಸಿ. ಶೌಚಾಲಯಕ್ಕೆ ಚಿಲಕ, ನೀರು, ಬಕೆಟ್ ಇಲ್ಲದಿದ್ದರೆ ತಂದೆಯಂದಿರು ಎಸ್‌ಡಿಎಂಸಿ ಸಭೆಯಲ್ಲಿ ಎದ್ದು ಕೇಳಬೇಕು.

ಐದನೆಯ ಪಾಠ: ತಲೆಯಲ್ಲಿ ಹೇನಿರಬಹುದು, ಮಗುವಿಗೂ ಮಾನವಿದೆ

ಹೇನು ಕೊಳಕಿನ ಗುರುತಲ್ಲ. ತಲೆಗೆ ತಲೆ ತಾಗಿಸಿ ಕೂರುವ ಮಕ್ಕಳಲ್ಲಿ ಅದು ಒಬ್ಬರಿಂದೊಬ್ಬರಿಗೆ ಹರಿದು ಹೋಗುತ್ತದೆ, ದಿನಾ ಸ್ನಾನ ಮಾಡಿದ ಮಗುವಿಗೂ ಬರುತ್ತದೆ. ಎಲ್ಲರ ಎದುರು ಹೆಸರು ಹೇಳಿ ಬೇರೆ ಕೂರಿಸಿದರೆ ಹೇನು ಹೋಗುವುದಿಲ್ಲ, ಮಗು ಶಾಲೆ ಬಿಡುತ್ತದೆ. ತಾಯಿಯನ್ನು ಒಬ್ಬರನ್ನೇ ಕಂಡು ಹೇಳಿ. ಒದ್ದೆ ಕೂದಲಿಗೆ ಎಣ್ಣೆ ಸವರಿ ಒತ್ತು ಹಲ್ಲಿನ ಬಾಚಣಿಗೆಯಿಂದ ಮೂರು ನಾಲ್ಕು ದಿನಕ್ಕೊಮ್ಮೆ, ಎರಡು ಮೂರು ವಾರ ಬಾಚಬೇಕು. ಮನೆಯವರೆಲ್ಲರ ತಲೆಯನ್ನೂ ಒಟ್ಟಿಗೆ ನೋಡಬೇಕು. ಸೀಮೆಎಣ್ಣೆ, ಬೆಳೆಗೆ ಹೊಡೆಯುವ ಔಷಧಿ ತಲೆಗೆ ಹಚ್ಚಲೇಬಾರದು, ಪ್ರಾಣಕ್ಕೇ ಅಪಾಯ. ಕಜ್ಜಿ, ತುರಿಕೆಯ ವಿಷಯವೂ ಹೀಗೆಯೇ. ಒಬ್ಬರಿಗೆ ಚಿಕಿತ್ಸೆ ಕೊಡಿಸಿ ಉಳಿದವರನ್ನು ಬಿಟ್ಟರೆ ಅದು ಮತ್ತೆ ಬರುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ನಗೆಪಾಟಲು ಮಾಡುವುದು ಬೆತ್ತದ ಏಟಿಗಿಂತ ಹಗುರವೇನಲ್ಲ. ಮಗು ತಂದೆ ತಾಯಿಗೆ ಅಮಾನತ್ ಆಗಿರುವಂತೆ ತರಗತಿಯಲ್ಲಿ ಶಿಕ್ಷಕರಿಗೂ ಅಮಾನತ್.

ನಿಮ್ಮ ಮಿತಿ ತಿಳಿದಿರಿ

ನೀವು ಕಲಿಯಲು ಹೋದವರು. ನಿಮ್ಮ ಕೈಯಿಂದ ಯಾವ ಮಾತ್ರೆಯನ್ನೂ ಕೊಡಬೇಡಿ. ಕಂಡದ್ದನ್ನು ತರಗತಿ ಶಿಕ್ಷಕರಿಗೆ ಹೇಳಿ. ಮಕ್ಕಳ ಫೋಟೋ ತೆಗೆದು ಸ್ಟೇಟಸ್ ಹಾಕಬೇಡಿ. ಒಬ್ಬರ ಮನೆಯ ಕಷ್ಟವನ್ನು ಇನ್ನೊಬ್ಬರ ಕಟ್ಟೆಯ ಮೇಲೆ ಆಡಬೇಡಿ. ಬರುತ್ತೇನೆಂದ ದಿನ ತಪ್ಪಿಸಬೇಡಿ, ಮಕ್ಕಳು ದಾರಿ ಕಾಯುತ್ತಾರೆ.

ಈ ವಾರದ ಅಭ್ಯಾಸ

ಶಿಕ್ಷಕರಾಗುವವರು: ಒಂದು ತರಗತಿಯಲ್ಲಿ ಎರಡು ಗಂಟೆ ಕುಳಿತು, ಒಂದು ಮಗುವನ್ನು ಮಾತ್ರ ಗಮನಿಸಿ. ಹೇಗೆ ಕೂರುತ್ತದೆ, ಏನು ನೋಡುತ್ತದೆ, ಕರೆದರೆ ಯಾವ ಕಡೆ ತಿರುಗುತ್ತದೆ, ನೀರು ಕುಡಿಯುತ್ತದೆಯೇ ಎಂಬುದನ್ನು ಬರೆದುಕೊಳ್ಳಿ. 'ದಡ್ಡ', 'ಸೋಮಾರಿ', 'ಹಟಮಾರಿ' ಎಂಬ ಪದಗಳನ್ನು ಬಳಸದೆ ಬರೆಯಿರಿ.

ತಂದೆ ತಾಯಿ: ಇಂದು ರಾತ್ರಿ ಮಗುವಿನ ಹಿಂದೆ ನಿಂತು, ಮೊದಲು ಬಲಗಡೆಯಿಂದ, ಆಮೇಲೆ ಎಡಗಡೆಯಿಂದ, ಮೆಲ್ಲಗೆ ಹೆಸರು ಹಿಡಿದು ಕರೆಯಿರಿ. ಎರಡೂ ಸಲ ಓಗೊಟ್ಟರೆ ಅಲ್‌ಹಮ್ದುಲಿಲ್ಲಾಹ್. ಓಗೊಡದಿದ್ದರೆ ಬೈಯಬೇಡಿ, ನಾಳೆಯೇ ವೈದ್ಯರಿಗೆ ತೋರಿಸಿ.