ಹಾಳೆಯ ಮೇಲೊಂದು ಗೂಬೆಯ ಮುಖ

ಅಡಿಕೆ ಹಾಳೆಗೆ ಬಣ್ಣ ಹಚ್ಚುವ ಮೊದಲು ಅದನ್ನು ಕೈಯಲ್ಲಿ ಬಗ್ಗಿಸಿ ನೋಡಬೇಕು. ಎತ್ತ ಸುರುಳುತ್ತದೆ, ನಾರು ಎತ್ತ ಓಡಿದೆ, ಎಲ್ಲಿ ಕಲೆಯಿದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದ ಹಾಗೆ. ಬೆಳ್ಳಾರೆ ಕಡೆಯ ನಮ್ಮ ತೋಟದಲ್ಲಿ ಹಾಳೆಗೆ ಬರವಿಲ್ಲ. ಒಂದು ಅಡಿಕೆ ಮರ ವರ್ಷಕ್ಕೆ ಐದಾರು ಸೋಗೆ ಉದುರಿಸುತ್ತದೆ, ಒಂದೊಂದಕ್ಕೂ ಒಂದು ಹಾಳೆ. ಪುತ್ತೂರು, ಸುಳ್ಯ, ಕಡಬದ ತೋಟದ ಮನೆಗಳಲ್ಲಿ ತಲೆಗಿಡುವ ಮುಟ್ಟಾಳೆ, ಬೀಸಣಿಗೆ, ಊಟದ ತಟ್ಟೆ ಎಲ್ಲಕ್ಕೂ ಅದೇ ಬಂದದ್ದು. ನಾವು ಮಕ್ಕಳಾಗಿದ್ದಾಗ ಮಾರ್ನೆಮಿಯ, ಅಂದರೆ ನವರಾತ್ರಿಯ, ಮುಖವಾಡಕ್ಕೂ ಅದೇ.

2025ರ ದಸರಾ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳಿಗೆ ಬೇಕಾಗಿದ್ದದ್ದು ಹ್ಯಾಲೋವೀನ್ ಮುಖವಾಡ. ಅಕ್ಟೋಬರ್ 31ರ ಸಂಜೆ ಅವರ ಅಪಾರ್ಟ್‌ಮೆಂಟಿನ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಚಾಕಲೇಟು ಪಡೆಯುತ್ತಾರಂತೆ. ನನಗೇನೂ ಅದು ಪರಕೀಯ ಅನಿಸಲಿಲ್ಲ. ಮಾರ್ನೆಮಿಯಲ್ಲಿ ನಮ್ಮ ಅಂಗಳಕ್ಕೂ ಹುಲಿ, ಕರಡಿ, ಸಿಂಹಗಳು ಬಂದು ಕುಣಿದು ಅಕ್ಕಿ, ಕಾಸು ಪಡೆದು ಹೋಗುತ್ತವೆ. ಐರ್ಲೆಂಡಿನವರು ಹಿಂದೆ ಟರ್ನಿಪ್ ಗೆಡ್ಡೆ ಕೊರೆದು ಒಳಗೆ ದೀಪ ಇಡುತ್ತಿದ್ದರು. ಅಮೆರಿಕಕ್ಕೆ ವಲಸೆ ಹೋದ ಮೇಲೆ, ಅಲ್ಲಿ ಧಾರಾಳವಾಗಿ ಬೆಳೆಯುತ್ತಿದ್ದ ಕುಂಬಳಕಾಯಿ ಅವರ ಕೈಗೆ ಬಂತು. ನಮ್ಮ ಕೈಗೆ ಹಾಳೆ ಬಂದಿದೆ, ಅಂಗಡಿಯ ಪ್ಲಾಸ್ಟಿಕ್ ಮುಖ ಯಾಕೆ ಬೇಕು?

ಯಾವ ಮುಖ ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಅವಳ ಮನಸ್ಸು ದೈವದ ಮುಖವರ್ಣಿಕೆಯ ಮೇಲಿತ್ತು. ಅದೇ ಅಕ್ಟೋಬರ್ 2ರಂದು ದೈವದ ಕಥೆಯ ಸಿನಿಮಾ ‘ಕಾಂತಾರ ಚಾಪ್ಟರ್ 1’ ಬಿಡುಗಡೆಯಾಗಿತ್ತು, ಎಲ್ಲೆಲ್ಲೂ ಅದರದ್ದೇ ಚಿತ್ರ. ನಾನು ಬೇಡ ಎಂದೆ, ಯಾಕೆ ಬೇಡ ಎಂಬುದನ್ನೂ ಕೂತು ಹೇಳಿದೆ. ನಲಿಕೆ, ಪರವ, ಪಂಬದ ಸಮುದಾಯದವರು ಹಾಳೆಯಲ್ಲಿ ದೈವದ ಅಲಂಕಾರವಾದ ಅಣಿ ಕಟ್ಟುವುದು, ಮುಖಕ್ಕೆ ಬಣ್ಣ ಬರೆಯುವುದು ತಲೆಮಾರಿನಿಂದ ಬಂದ ಕಟ್ಟಳೆಯ ಕೆಲಸ. ಅಣಿ ಏರಿದ ಮೇಲೆ ನಮ್ಮ ಪಾಲಿಗೆ ಅಲ್ಲಿರುವುದು ದೈವ. ದೈವವನ್ನು ಅನುಕರಿಸಬೇಡಿ ಎಂದು ಆ ಚಿತ್ರ ಮಾಡಿದವರೇ ಕೇಳಿಕೊಂಡಿದ್ದಾರೆ. ಹಾಗೆಯೇ ಕೊರಗ ಸಮುದಾಯವನ್ನು ಹಂಗಿಸುತ್ತಿದ್ದ ವೇಷವೂ ಬೇಡ. ಆ ಜನರ ಮೇಲೆ ಹೇರಿದ್ದ ಅವಮಾನಕರ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾನೂನೇ ಬರಬೇಕಾಯಿತು. ಮಗು ಕೇಳಿಸಿಕೊಂಡಿತು. ಕಾರಣ ಹೇಳಿದರೆ ಮಕ್ಕಳು ಕೇಳುತ್ತಾರೆ, ಬರೀ ಗದರಿದರೆ ಬಯಕೆ ಒಳಗೇ ಉಳಿಯುತ್ತದೆ.

ಕೊನೆಗೆ ಗೂಬೆ ಎಂದಾಯಿತು. ಮನೆಯಲ್ಲಿ ಕೆಲವರು ಅಪಶಕುನ ಅಂದರು. ತೋಟದ ಇಲಿ ಹಿಡಿಯುವ ಹಕ್ಕಿಯ ಮೇಲೆ ಆ ಅಪವಾದ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ.

ಹಾಳೆಯನ್ನು ಮೊದಲು ತಿಕ್ಕಿ ತೊಳೆಯಬೇಕು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆದ ತೋಟದಲ್ಲಿ ಮೈಲುತುತ್ತು, ಸುಣ್ಣದ ಕಲೆ ಅದಕ್ಕೂ ಹತ್ತಿರುತ್ತದೆ, ಮಗುವಿನ ಮೂಗಿಗೆ ತಾಗುವ ವಸ್ತು ಇದು. ಆಮೇಲೆ ನೀರಲ್ಲಿ ನೆನೆಸಿ, ಮೆತ್ತಗಾದಾಗಲೇ ಕತ್ತರಿಸಬೇಕು. ನಾರು ಹಣೆಯಿಂದ ಗಲ್ಲಕ್ಕೆ ಇಳಿಯುವಂತೆ ಹಿಡಿದರೆ ಒಣಗುವಾಗ ಹಾಳೆ ತಾನಾಗಿ ಕೆನ್ನೆಯ ಸುತ್ತ ಬಾಗುತ್ತದೆ. ಅಡ್ಡ ಹಿಡಿದರೆ ಹಣೆಯೂ ಗಲ್ಲವೂ ಒಂದರತ್ತ ಒಂದು ಮುದುಡುತ್ತವೆ. ಕಣ್ಣಿಗೆ ಕತ್ತಿ ಹಾಕುವ ಮೊದಲು ಮೇಲೆ, ಕೆಳಗೆ ಸಣ್ಣ ದುಂಡು ತೂತು ಕೊರೆದುಕೊಳ್ಳಬೇಕು. ಇಲ್ಲವಾದರೆ ಸೀಳು ನಾರಿನ ದಾರಿ ಹಿಡಿದು ಹಣೆವರೆಗೂ ಓಡೀತು. ದಾರ ಕಟ್ಟುವಲ್ಲಿ ಒಳಬದಿಗೆ ಒಂದು ಹಾಳೆ ತುಂಡನ್ನು ಅಡ್ಡನಾರಾಗಿ ಹೊಲಿದೆವು, ಎಳೆದರೂ ಅಂಚು ಕಿತ್ತು ಬರದ ಹಾಗೆ. ಮೇಲೆ ಭಾರ ಹೇರಿ ಚಪ್ಪಟೆ ಮಾಡುವ ಅಭ್ಯಾಸ ತಟ್ಟೆಗೆ ಸರಿ, ಮುಖಕ್ಕೆ ಬೇಡ.

ಬಣ್ಣ ಮನೆಯದೇ ಸಾಕು. ಗೆರಟೆ ಸುಟ್ಟ ಮಸಿ ಕಪ್ಪಿಗೆ, ಕೆಮ್ಮಣ್ಣು ಕೆಂಪಿಗೆ, ಅರಸಿನ ಹಳದಿಗೆ, ಹಿಡಿತಕ್ಕೆ ಗಂಜಿತಿಳಿ. ಅರಸಿನಕ್ಕೆ ಸುಣ್ಣ ಬೆರೆಸಿದರೆ ಬರುವ ಕೆಂಪು ಮೊದಲು ಚೆಂದ, ದಿನ ಕಳೆದಂತೆ ಮಂಕಾಗುತ್ತದೆ, ಹಾಗಾಗಿ ಕೆಮ್ಮಣ್ಣೇ ಮೇಲು. ಹಳೆಯ ವೇಷಗಳ ಹಳದಿ ಬಣ್ಣವಾದ ಅರದಾಳವನ್ನು ಮಕ್ಕಳ ಕೈಗೆ ಕೊಡಲೇಬಾರದು, ಅದರಲ್ಲಿರುವುದು ಆರ್ಸೆನಿಕ್. ಕೇರಳದ ಪಡಯಣಿ ಕುಣಿತದ ಕೋಲಗಳನ್ನು, ಅಂದರೆ ಮುಖವಾಡಗಳನ್ನು, ಬರೆಯುವವರು ಇನ್ನೂ ಒಂದು ಹೆಜ್ಜೆ ಮುಂದೆ. ಹಸಿ ಹಾಳೆಯ ಹೊರಮೈಯ ಹಸಿರನ್ನು ಹಾಗೇ ಬಿಟ್ಟು, ಬೇಕಾದಲ್ಲಿ ಕೆರೆದು ಬಿಳಿ ತೆಗೆಯುತ್ತಾರೆ, ಎರಡು ಬಣ್ಣ ಹಾಳೆಯೇ ಕೊಟ್ಟಂತಾಯಿತು.

ನಾನು ಕಲಿತದ್ದೂ ಆ ಜಾಡಿನದೇ. ಹುಡುಗಿ ಮುಖದ ತುಂಬ ಗರಿ ಬರೆಯಹೊರಟಾಗ ನಾನು ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ತೋರಿಸಿದೆ. ಒತ್ತೊತ್ತಾಗಿ ಇಳಿದ ಗೀರುಗಳೆಲ್ಲ ಗರಿಯಂತೆಯೇ ಇದ್ದವು. ಕಣ್ಣಿನ ಸುತ್ತ ಮಸಿಯ ದಪ್ಪ ಬಳೆ, ಅದರಾಚೆ ಅರಸಿನದ ತೆಳು ಬಳೆ, ನಡುವೆ ಕೆಮ್ಮಣ್ಣಿನ ಕೊಕ್ಕು. ಅಷ್ಟರಲ್ಲೇ ಅವಳು ಕುಂಚ ಕೆಳಗಿಟ್ಟಳು. ಒಂದು ಕಂದು ಕಲೆ ಎಡಗೆನ್ನೆಯ ಮೇಲೆ ಉಳಿದಿತ್ತು, ಅದನ್ನು ಮುಚ್ಚಲು ನಾನು ಬಿಡಲಿಲ್ಲ.

ಬಸ್ಸಿನಲ್ಲಿ ಒಯ್ಯಲು ಹಳೆ ಪತ್ರಿಕೆ ಸುತ್ತಿ ಬೆತ್ತದ ಬುಟ್ಟಿಯಲ್ಲಿಟ್ಟು ಕೊಟ್ಟೆ. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಂತರೆ ಹಾಳೆಗೆ ಬೂಸ್ಟು ಹಿಡಿಯುತ್ತದೆ. ಮುಂದಿನ ಮಾರ್ನೆಮಿಗೆ ಕರಡಿ ಮಾಡೋಣ ಎಂದಿದ್ದಾಳೆ. ಕರಡಿಗೆ ಅಗಲ ಹಾಳೆ ಬೇಕು, ಬೇಸಗೆಯಲ್ಲಿ ಬಿದ್ದ ಒಳ್ಳೆಯವನ್ನು ಆರಿಸಿ ಒಲೆಯ ಮೇಲಿನ ಅಟ್ಟಕ್ಕೆ ಸೇರಿಸಬೇಕು.