ಚಿಂಚಿಲಾಗೆ ಎಂಥ ಹಾಸು? ಮೆತ್ತಗಿದ್ದರೆ ಸಾಲದು, ಒಣಗಿರಬೇಕು

ಈ ಸಲ ಬಿ.ಪಿ., ಶುಗರ್ ಬಿಟ್ಟು ಸ್ವಲ್ಪ ಬೇರೆ ವಿಷಯ. ಚಿಕ್ಕ ಮಕ್ಕಳಿರುವ ಮನೆಯವರು ದಯವಿಟ್ಟು ಪೂರ್ತಿ ಓದಿ.

ಫ್ಲ್ಯಾಟಿನಲ್ಲಿ ನಾಯಿ ಸಾಕುವುದು ಕಷ್ಟ ಎಂದು ಮಕ್ಕಳ ಹಟಕ್ಕೆ ಕೆಲವರು ಚಿಂಚಿಲಾ ತರುತ್ತಾರೆ. ಅಳಿಲಿಗಿಂತ ದೊಡ್ಡದು, ರೇಷ್ಮೆಯಂಥ ಕೂದಲು. ತಂದ ದಿನವೇ ಪ್ರೀತಿಯಿಂದ ಒಂದು ತಪ್ಪು ಮಾಡುತ್ತೇವೆ. ಹಳೆ ಕೌದಿಯ ತುಂಡೋ, ದಿಂಬಿನ ಹತ್ತಿಯೋ, ಟರ್ಕಿ ಟವೆಲ್ಲೋ ಪಂಜರದಲ್ಲಿ ಹಾಸುತ್ತೇವೆ. ಪಾಪ, ಬೆಚ್ಚಗಿರಲಿ ಅಂತ!

ಅದಕ್ಕೆ ಬೇಕಾದದ್ದು ಬಿಸಿ ಅಲ್ಲ, ತಂಪು. ಇದರ ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳು. ಅಲ್ಲಿ ಒಣ ಹವೆ, ತಣ್ಣನೆ ರಾತ್ರಿ. ಚರ್ಮದ ಒಂದೊಂದು ರಂಧ್ರದಿಂದ 50ಕ್ಕೂ ಹೆಚ್ಚು ಕೂದಲು ಬರುತ್ತವೆ, ನಮ್ಮ ಹಾಗೆ ಬೆವರುವುದಿಲ್ಲ. ಕೋಣೆ 27 ಡಿಗ್ರಿ ದಾಟಿದರೆ ಜೀವಕ್ಕೇ ಅಪಾಯ. ಚೆನ್ನೈ, ಹೈದರಾಬಾದಿನ ಬೇಸಿಗೆಯಲ್ಲಿ ಎ.ಸಿ. ಇಲ್ಲದ ಮನೆಗೆ ಇದನ್ನು ತರಲೇಬಾರದು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ, ಇದರ ಹಲ್ಲು ಬೆಳೆಯುತ್ತಲೇ ಇರುತ್ತದೆ. ಹಾಸಿದ್ದನ್ನೆಲ್ಲ ಕಡಿಯುತ್ತದೆ, ನುಂಗಿದ್ದನ್ನು ವಾಂತಿ ಮಾಡಲಾರದು. ಹತ್ತಿ, ಕೌದಿಯ ದಾರ ಹೊಟ್ಟೆಗೆ ಹೋದರೆ ಕರುಳು ಕಟ್ಟಬಹುದು. ಟವೆಲ್ಲಿನ ಕುಣಿಕೆಗೆ ಬೆರಳು ಸಿಕ್ಕಿದರೆ ರಕ್ತ ಓಡುವುದು ನಿಲ್ಲುತ್ತದೆ. ಬೆಕ್ಕಿಗೆ ಹಾಕುವ, ನೀರು ತಾಗಿದರೆ ಗಟ್ಟಿಯಾಗುವ ಮರಳೂ ಬೇಡ, ಹೊಟ್ಟೆಯೊಳಗೂ ಅದು ಗಟ್ಟಿಯಾಗುತ್ತದೆ.

ಬಡಗಿ ಅಂಗಡಿಯ ಹೊಟ್ಟು ಪುಕ್ಕಟೆ ಸಿಗುತ್ತದೆ ನಿಜ. ಆದರೆ ಅದರಲ್ಲಿ ಪ್ಲೈವುಡ್ಡಿನ ಅಂಟು, ಪಾಲಿಶ್, ಸಣ್ಣ ಧೂಳು ಎಲ್ಲ ಬೆರೆತಿರುತ್ತದೆ. ದೇವದಾರಿನಂಥ ಘಮಘಮ ಮರ ನಮಗೆ ಹಿತ, ಅದರ ಎಣ್ಣೆ ಈ ಪ್ರಾಣಿಯ ಶ್ವಾಸಕೋಶಕ್ಕೂ ಯಕೃತ್ತಿಗೂ ಕೆಟ್ಟದ್ದು. ನುಸಿಗುಳಿಗೆ, ಸಾಂಬ್ರಾಣಿ ಹೊಗೆಯನ್ನೂ ಪಂಜರದಿಂದ ದೂರ ಇಡಿ.

ಹಾಗಾದರೆ ಏನು ಹಾಸಬೇಕು? ಸಾಕುಪ್ರಾಣಿಗೆಂದೇ ಮಾರುವ, ಧೂಳಿಲ್ಲದ ಆಸ್ಪೆನ್ ಅಥವಾ ಭಟ್ಟಿಯಲ್ಲಿ ಒಣಗಿಸಿದ ಪೈನ್ ಮರದ ಸಿಪ್ಪೆ, ಎರಡು ಮೂರು ಇಂಚು ದಪ್ಪ. ಕಾಗದದಿಂದ ಮಾಡಿದ ಹಾಸೂ ಆಗುತ್ತದೆ, ಆದರೆ ಅದನ್ನೇ ತಿನ್ನಲು ಶುರುಮಾಡಿದರೆ ತೆಗೆದುಬಿಡಿ. ಮೇಲಿನ ಅಟ್ಟಗಳಿಗೆ ಫ್ಲೀಸ್ ಬಟ್ಟೆ ಒಳ್ಳೆಯದು, ಅಂಚು ಮಡಚಿ ಹೊಲಿದಿರಬೇಕು. ತೂತು ಬಿದ್ದ ದಿನ ಬದಲಿಸಿ. ಬರೀ ತಂತಿಯ ನೆಲ ಬಿಟ್ಟರೆ ಪಾದ ಹುಣ್ಣಾಗುತ್ತದೆ. ಮತ್ತೆ, ಅಡುಗೆ ಕಟ್ಟೆ ಮಾಡಿಸಿದಾಗ ಉಳಿದ ಗ್ರಾನೈಟ್ ಅಥವಾ ಕಡಪ ಕಲ್ಲಿನ ತುಂಡು ಇದೆಯೇ? ತೊಳೆದು ಒಣಗಿಸಿ ಒಂದು ಮೂಲೆಯಲ್ಲಿಡಿ. ಸೆಕೆಯಾದಾಗ ತಾನೇ ಬಂದು ಅದರ ಮೇಲೆ ಹೊಟ್ಟೆ ಚಾಚಿ ಮಲಗುತ್ತದೆ.

ಮುಂಬೈ, ಪುಣೆಯವರಿಗೆ ಮಳೆಗಾಲವೇ ಪರೀಕ್ಷೆ. ಹಾಸು ತೇವವಾದರೆ ಮೂತ್ರದ ಘಾಟು ಏರಿ ಅದಕ್ಕೆ ಸೀನು, ಕಣ್ಣಲ್ಲಿ ನೀರು. ಕೂದಲಿನ ಬುಡಕ್ಕೆ ಬೂಸು ಹಿಡಿದರೆ ಹುಳುಕಡ್ಡಿ ಆಗುತ್ತದೆ, ಅದು ಎತ್ತಿ ಮುದ್ದಾಡುವ ಮಕ್ಕಳಿಗೂ ಅಂಟುತ್ತದೆ. ಮಗುವಿನ ಕೈಮೇಲೆ ದುಂಡಗೆ ಕೆಂಪು ಕಲೆ ಕಂಡರೆ ವೈದ್ಯರಿಗೆ ಮನೆಯ ಪ್ರಾಣಿಯ ಬಗ್ಗೆಯೂ ಹೇಳಿ. ಒದ್ದೆಯಾದ ಜಾಗದ ಹಾಸನ್ನು ದಿನಾ ತೆಗೆಯಿರಿ, ವಾರಕ್ಕೊಮ್ಮೆ ಪೂರ್ತಿ ಬದಲಿಸಿ. ಫ್ಲೀಸನ್ನು ವಾಸನೆಯಿಲ್ಲದ ಸೋಪಿನಲ್ಲಿ ಒಗೆದು, ಚೆನ್ನಾಗಿ ಒಣಗಿದ ಮೇಲೆಯೇ ಹಾಕಿ.

ಮನೆಯಲ್ಲಿ ವೀಸಿಂಗ್ ಇರುವ ಮಗುವೋ ಅಜ್ಜನೋ ಇದ್ದರೆ ಪಂಜರ ಮಲಗುವ ಕೋಣೆಯಲ್ಲಿ ಬೇಡ. ಶುಚಿ ಮಾಡುವಾಗ ಅವರು ಆಚೆ ಇರಲಿ, ನೀವು ಮಾಸ್ಕ್ ಹಾಕಿಕೊಳ್ಳಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ.

ಅರ್ಧ ದಿನ ಹುಲ್ಲು ಮುಟ್ಟಲಿಲ್ಲ, ಹಿಕ್ಕೆ ಕಡಿಮೆಯಾಯಿತು ಎಂದರೆ ನಾಳೆ ನೋಡೋಣ ಅನ್ನಬೇಡಿ. ಕಿವಿ ಕೆಂಪಗಾಗಿ ಬಾಯಿ ತೆರೆದು ಉಸಿರಾಡಿದರೆ ತಂಪು ಕೋಣೆಗೆ ಒಯ್ಯಿರಿ, ಐಸ್ ನೀರು ಸುರಿಯಬೇಡಿ, ಆ ಕ್ಷಣವೇ ಪಶುವೈದ್ಯರಿಗೆ ಫೋನ್ ಮಾಡಿ. ನಾಯಿ ಬೆಕ್ಕು ನೋಡುವ ವೈದ್ಯರೆಲ್ಲ ಇದನ್ನು ನೋಡುವುದಿಲ್ಲ, ಆದ್ದರಿಂದ ನೋಡುವವರ ನಂಬರನ್ನು ಪ್ರಾಣಿ ತರುವ ಮೊದಲೇ ಹುಡುಕಿ ಬರೆದಿಟ್ಟುಕೊಳ್ಳಿ.