ಎಕ್ಸ್‌ಪಾನ್ಷನ್ ಕೊಳ್ಳುವ ಮುಂಚೆ

ಗೋಕಾಕ, ಮೂಡಲಗಿ, ಹುಕ್ಕೇರಿಯ ತಮ್ಮಂದಿರೇ, ತಂಗಿಯರೇ, ಟ್ರೇಲರ್ ನೋಡಿದ ಕೂಡಲೇ ಗೇಮಿನ ಎಕ್ಸ್‌ಪಾನ್ಷನ್‌ಗೆ, ಅಂದರೆ ಮೂಲ ಆಟಕ್ಕೆ ಸೇರುವ ಹೆಚ್ಚುವರಿ ಭಾಗಕ್ಕೆ, ದುಡ್ಡು ಸುರಿಯಬೇಡಿ. ಮೂಲ ಆಟದಲ್ಲಿ ನೀವು ಎಲ್ಲಿಗೆ ಮುಟ್ಟಿದ್ದೀರಿ, ಮೊದಲು ನೋಡಿಕೊಳ್ಳಿ. 2024ರ ಜೂನ್‌ನಲ್ಲಿ ಬಂದ ‘ಎಲ್ಡನ್ ರಿಂಗ್’ನ ‘ಶ್ಯಾಡೋ ಆಫ್ ದಿ ಎರ್ಡ್‌ಟ್ರೀ’ ಬಲು ಚೆಂದ. ಆದರೆ ಮೂಲ ಆಟದ ಬಾಸ್‌ಗಳಾದ ರಾಡಾನ್, ಮೋಗ್ ಇಬ್ಬರನ್ನೂ ಸೋಲಿಸದವರಿಗೆ ಅದರ ಬಾಗಿಲೇ ತೆರೆಯುವುದಿಲ್ಲ. ‘ಸೈಬರ್‌ಪಂಕ್ 2077’ರ ‘ಫ್ಯಾಂಟಮ್ ಲಿಬರ್ಟಿ’ಯಂತೂ ಪಿಎಸ್4ರಲ್ಲಿ ಓಡುವುದೇ ಇಲ್ಲ. ಅದೇ ಹೊತ್ತಿಗೆ ಬಂದ 2.0 ಅಪ್‌ಡೇಟ್ ಮಾತ್ರ ಪುಕ್ಕಟೆ. ಇಂಥದ್ದು ಸಿಕ್ಕರೆ ಮೊದಲು ಅದನ್ನು ಆಡಿ. ಮೂಲ ಆಟವೇ ನಿಮಗೆ ಬೇಸರ ತಂದಿದ್ದರೆ, ಹೊಸ ಮ್ಯಾಪು, ಹೊಸ ಕತ್ತಿಯಿಂದ ಆ ಬೇಸರ ಹೋಗದು. ಸ್ಟೀಮ್‌ನಲ್ಲಿ ಕೊಂಡಿದ್ದರೆ 14 ದಿನದೊಳಗೆ, ಕೊಂಡ ಮೇಲಿನ ಆಟ ಎರಡು ಗಂಟೆ ದಾಟುವ ಮುನ್ನ, ಹಣ ವಾಪಸ್ ಕೇಳಿ. ಸಂಕೋಚ ಬೇಡ.